ಮ್ಯೂಲ್ಸ್ ತಂಡ ಕೊಂಡ ಎಡಗೈ

ಡಲ್ಲಾಸ್ ಮ್ಯೂಲ್ಸ್ ಬೇಸ್‌ಬಾಲ್ ತಂಡ ಆ ವರ್ಷ ತೊಂಬತ್ತೊಂಬತ್ತು ಪಂದ್ಯ ಸೋತಿತ್ತು. ನೂರನೆಯದನ್ನೂ ಸೋಲುತ್ತಿತ್ತು, ಮಳೆ ಬಂದು ಮಾನ ಉಳಿಸಿತು. ಚಳಿಗಾಲದಲ್ಲಿ ಆಟವಿರುವುದಿಲ್ಲ, ತಂಡಗಳು ಹೊಸ ಆಟಗಾರರನ್ನು ಕೊಳ್ಳುವುದು ಆಗಲೇ. ಉಳಿದವರೆಲ್ಲ ಚೆಂಡೆಸೆಯುವ ಪಿಚರ್‌ಗಳಿಗಾಗಿ ಮುಗಿಬೀಳುತ್ತಿದ್ದಾಗ, ಮ್ಯೂಲ್ಸ್ ಡಿಸೆಂಬರ್ ಮುಗಿಯುವವರೆಗೆ ಕೊಂಡದ್ದು ಒಂದೇ ಒಂದು: ಮೈದಾನಕ್ಕೆ ಹೊದಿಸುವ ಟಾರ್ಪಾಲು.

ಇದರಿಂದ ಬದರಿನಾಥರಿಗೆ ಊಟ ಸೇರುತ್ತಿರಲಿಲ್ಲ. ಮೈಸೂರಿನವರು, ವಯಸ್ಸು ಐವತ್ನಾಲ್ಕು, ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ವಿಮಾ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಹನ್ನೊಂದು ವರ್ಷಗಳಿಂದ ಮ್ಯೂಲ್ಸ್‌ನ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಮನೆಯಿದ್ದ ಲಿಟಲ್ ಎಲ್ಮ್‌ನಿಂದ ಆಫೀಸಿಗೆ ಹೋಗುವಾಗ, ಟ್ರಾಫಿಕ್ಕಿನಲ್ಲಿ ಕಾರು ನಿಂತ ಕೂಡಲೇ ತಂಡದ ಹೆಲ್ಪ್‌ಲೈನ್‌ಗೆ ಫೋನ್ ಮಾಡುತ್ತಿದ್ದರು. ಆ ಕಡೆ ಎತ್ತುತ್ತಿದ್ದವಳು ನಿಧಿ, ಡಲ್ಲಾಸಿನಲ್ಲಿ ಓದುತ್ತ ತಂಡದ ಕಚೇರಿಯಲ್ಲಿ ಇಂಟರ್ನ್ ಆಗಿದ್ದ ಧಾರವಾಡದ ಹುಡುಗಿ. ಮೂರನೆಯ ದಿನವೇ ಇಬ್ಬರೂ ಕನ್ನಡಕ್ಕೆ ಇಳಿದಿದ್ದರು.

“ಎಡಗೈ ಪಿಚರ್ ಒಬ್ಬನೂ ಇಲ್ವಲ್ಲಮ್ಮ ನಮ್ಮಲ್ಲಿ! ನಾನೇ ಎಡಗೈಯವನು. ನಾನೇ ಬಂದು ಎಸೀತೀನಿ, ಕೊಟ್ಟಷ್ಟು ಕೊಡ್ಲಿ. ಬರ್ಕೋ!”

“ಬರ್ಕೊಂಡೇನ್ರಿ ಅಂಕಲ್.”

ನಿಜವಾಗಿಯೂ ಬರೆದುಕೊಂಡಿದ್ದಳು. ಅವಳ ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ ವಿಭಾಗ, ಟಿಕೆಟ್ ಮತ್ತು ಆಟಗಾರರು. ಇದು ಟಿಕೆಟಿನ ವಿಷಯವಲ್ಲವೆಂದು ಎರಡನೆಯದಕ್ಕೆ ಹಾಕಿದಳು.

ಜನವರಿಯಲ್ಲಿ ಅವಳೇ ಫೋನ್ ಮಾಡಿದಳು. “ಅಂಕಲ್, ನಿಮ್ಮನ್ನ ತಗೊಂಡಾರ್ರಿ.”

“ಎಲ್ಲಿಗೆ?”

“ಟೀಮಿಗ್ರಿ.”

ತಪ್ಪನ್ನು ತಿಳಿಸಿ ಬರೋಣವೆಂದು ಬದರಿನಾಥ ತಂಡದ ಕಚೇರಿಗೆ ಹೋದರು. ಮ್ಯಾನೇಜರ್ ಎದ್ದು ಬಂದು ಅವರ ಎಡಗೈಯನ್ನೇ ಕುಲುಕಿದ. ಬೇರೆ ಪಿಚರ್‌ಗಳು ಆರು ವರ್ಷದ ಒಪ್ಪಂದ ಕೇಳುತ್ತಾರೆ, ನೀವು ಏನನ್ನೂ ಕೇಳಿಲ್ಲ ಎಂದ. ಮೇಲಾಗಿ ಹನ್ನೊಂದು ವರ್ಷದಲ್ಲಿ ಆಡುತ್ತ ಒಮ್ಮೆಯೂ ಗಾಯಗೊಂಡಿಲ್ಲ ಎಂದು ಹೊಗಳಿದ. ಆಗಲ್ಲ ಎನ್ನಲು ಬದರಿನಾಥ ಬಾಯಿ ತೆರೆದರು. ಆದರೆ ಇಡೀ ಚಳಿಗಾಲದಲ್ಲಿ ತಂಡ ಮಾಡುತ್ತಿರುವುದು ಇದೊಂದೇ ಖರೀದಿ. ಅದನ್ನೂ ತಪ್ಪಿಸಲು ಅವರೊಳಗಿನ ಅಭಿಮಾನಿಗೆ ಮನಸ್ಸು ಬರಲಿಲ್ಲ. ಸಹಿ ಹಾಕಿದರು.

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿ ಅನುರಾಧಾ ಒಗ್ಗರಣೆಯ ಒಲೆ ಆರಿಸಿ ಬಂದರು. “ಬೆಳಗ್ಗೆ ಶರ್ಟಿನ ತೋಳು ಹಾಕ್ಕೊಳೋಕೆ ನನ್ನ ಕರೀತೀರಿ. ನೀವು ಚೆಂಡು ಎಸೀತೀರಾ?”

“ಎಸೆಯೋದು ಮಾರ್ಚಲ್ಲಿ ಪ್ರಾಕ್ಟೀಸ್ ಶುರುವಾದ್ಮೇಲೆ ಕಣೆ. ಈಗ ಬರೀ ಸೈನು.”

ತಂಡದವರು ವೈದ್ಯಕೀಯ ಪರೀಕ್ಷೆಗೆ ಹ್ಯೂಸ್ಟನ್‌ಗೆ ಕಳಿಸಿದರು. ನಾಲ್ಕು ತಾಸು ಡ್ರೈವ್ ಮಾಡಿ ಹೋದರೆ, ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿ, ವರದಿಯಲ್ಲಿ “ಭುಜ ಇದೆ” ಎಂದಷ್ಟೇ ಬರೆದರು. ತಂಡಕ್ಕೆ ಅಷ್ಟು ಸಾಕಾಯಿತು. ಆ ಮಧ್ಯಾಹ್ನವೇ ಪ್ರಕಟಣೆ ಹೊರಬಿತ್ತು: ಅನುಭವಿ ಎಡಗೈ ಪಿಚರ್ ಬಿ. ನಾಥ್, ವಯಸ್ಸು ಐವತ್ನಾಲ್ಕು, ಮ್ಯೂಲ್ಸ್‌ಗೆ.

ಬದರಿನಾಥ ಕಾರು ಹತ್ತುವಷ್ಟರಲ್ಲಿ ಮಗಳ ಫೋನ್ ಬಂತು. ವೈಷ್ಣವಿ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಅಪ್ಪನಿಂದ ಅಂಟಿದ ಹುಚ್ಚು ಅವಳಲ್ಲಿ ಇನ್ನಷ್ಟು ಬಲಿತಿತ್ತು.

“ಅಪ್ಪಾ, ಡಿಡ್ ಯು ಸೀ? ಯಾರೋ ಫಿಫ್ಟಿ ಫೋರ್ ಇಯರ್ ಓಲ್ಡ್ ಮುದುಕನ್ನ ಸೈನ್ ಮಾಡಿದ್ದಾರೆ! ನಾಳೆ ಇಲ್ಲಿ ಪ್ರೊಟೆಸ್ಟ್ ಇದೆ. ಯು ಹ್ಯಾವ್ ಟು ಕಮ್.”

“ಪುಟ್ಟಾ, ಅದು ನಾನೇ.”

ಆ ಕಡೆ ಅವಳು ಯಾರನ್ನೋ ಏನೋ ವಿಚಾರಿಸಿದ್ದು ಕೇಳಿಸಿತು.

“ಅಪ್ಪಾ,” ಎಂದಳು ಕೊನೆಗೆ, “ಬೋರ್ಡ್ಸ್ ಎಲ್ಲಾ ಪ್ರಿಂಟ್ ಆಗೋಗಿದೆ.”

ಬದರಿನಾಥ ಕಾರನ್ನು ಆಸ್ಟಿನ್ ಕಡೆ ತಿರುಗಿಸಿದರು. ಮರುದಿನ ಅಲ್ಲಿನ ರಾಜ್ಯ ಶಾಸನಸಭೆಯ ಕ್ಯಾಪಿಟಲ್ ಕಟ್ಟಡದ ಮುಂದಿನ ಹುಲ್ಲಿನ ಮೇಲೆ ನಲವತ್ತು ಅಭಿಮಾನಿಗಳ ನಡುವೆ, “ನಾಥ್ ಬೇಡ” ಎಂಬ ಫಲಕ ಹಿಡಿದು ನಿಂತರು. ಘೋಷಣೆಗೆ ದನಿಗೂಡಿಸಿದರು. ಬೇಡ ಎನ್ನುವುದರಲ್ಲಿ ಅವರಿಗೆ ಪ್ರಾಮಾಣಿಕವಾದ ಒಪ್ಪಿಗೆಯಿತ್ತು. ಆದರೂ ಯಾರೋ, ಪ್ರಕಟಣೆಯಲ್ಲಿರುವ ವಯಸ್ಸು ಸುಳ್ಳು, ಆ ನಾಥ್‌ಗೆ ಎಪ್ಪತ್ತಾದರೂ ಆಗಿರಬೇಕು ಎಂದಾಗ ತಡೆಯಲಾಗಲಿಲ್ಲ.

“ಐವತ್ನಾಲ್ಕು,” ಎಂದರು. “ನಾನೇ ಅವನು.”

ಗಡ್ಡದವನೊಬ್ಬ ಚೀಲದಿಂದ ಚೆಂಡು ತೆಗೆದು ಅವರ ಕೈಗಿಟ್ಟು, ಅರವತ್ತು ಅಡಿ ದೂರ ಹೋಗಿ ಕೈಗವಸು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕುಳಿತ. ಜನ ದಾರಿ ಬಿಟ್ಟರು. ಬದರಿನಾಥರಿಗೆ ಒಂದು ಕ್ಷಣ, ಯಾರಿಗೆ ಗೊತ್ತು, ನನ್ನಿಂದ ಆಗಿಯೇಬಿಟ್ಟರೆ ಎಂದೂ ಅನ್ನಿಸಿತು. ಬಲವೆಲ್ಲ ಕೂಡಿಸಿ ಎಸೆದರು. ಚೆಂಡು ಅರ್ಧ ದಾರಿಯಲ್ಲೇ ಬಿದ್ದು, ಇಳಿಜಾರಿನಲ್ಲಿ ಅವರತ್ತಲೇ ಉರುಳಿ ಬಂತು. ಯಾರೂ ನಗಲಿಲ್ಲ. ಗಡ್ಡದವನು ಎದ್ದು ಬಂದು ಅವರ ಭುಜ ನೀವಿದ.

ಸಂಜೆ ನಿಧಿ ಫೋನ್ ಮಾಡಿದಳು. “ನೀವು ಎಸೆದ ವಿಡಿಯೋ ಯಾರೋ ಹಾಕ್ಯಾರ್ರಿ, ಅದನ್ನ ನೋಡಿ ಮ್ಯಾನೇಜರ್ ಖುಷಿ ಆಗ್ಯಾರ್ರಿ. ಇಷ್ಟು ನಿಧಾನದ ಚೆಂಡು ಯಾರಿಗೂ ಹೊಡೆಯಾಕ ಬರಂಗಿಲ್ಲ ಅಂತಾರ. ಆದ್ರ ಅಂಕಲ್, ನಾ ರೂಲ್ ಬುಕ್ ಓದೀನ್ರಿ. ನೀವು ರಿಟೈರ್ ಆದ್ರ ನಿಮ್ಮ ಜಾಗಾ ಖಾಲಿ ಬಿಡಂಗಿಲ್ಲ. ಒಂದು ವಾರದಾಗ ಟೀಮಿನವ್ರು ಖರೇ ಪಿಚರ್‌ನ ತರಬೇಕು.”

ಸೋಮವಾರ ಬದರಿನಾಥ ಪತ್ರಕರ್ತರ ಮುಂದೆ ನಿವೃತ್ತಿ ಘೋಷಿಸಿದರು. ಒಂದು ಪಂದ್ಯವನ್ನೂ ಆಡದಿದ್ದರೂ ಮಾತಿನ ನಡುವೆ ಕಣ್ಣೊರೆಸಿಕೊಂಡರು. ಅನುರಾಧಾ ನೀರು ಕೊಟ್ಟರು. ಪಕ್ಕದಲ್ಲಿದ್ದ ಮ್ಯಾನೇಜರ್ ಕೂಡ ಕಣ್ಣೊರೆಸಿಕೊಂಡ. ಅವನ ದುಃಖದ ಕಾರಣ ಬೇರೆ ಇತ್ತು. ಏಳನೆಯ ದಿನ ಮ್ಯೂಲ್ಸ್ ಇಪ್ಪತ್ತಾರು ವರ್ಷದ ಎಡಗೈ ಪಿಚರ್ ಒಬ್ಬನನ್ನು ಪೂರ್ತಿ ಬೆಲೆ ತೆತ್ತು ತಂದಿತು.

ಏಪ್ರಿಲ್‌ನ ಮೊದಲ ಪಂದ್ಯಕ್ಕೆ ವೈಷ್ಣವಿಯೂ ಬಂದಿದ್ದಳು. ಹೊಸ ಪಿಚರ್‌ನ ಮೊದಲ ಚೆಂಡನ್ನೇ ಎದುರಾಳಿ ಗ್ಯಾಲರಿಗೆ ಬಾರಿಸಿದ. ಮೈದಾನವೆಲ್ಲ ಬೊಬ್ಬೆ ಹಾಕಿತು. ವೈಷ್ಣವಿ ಕುರ್ಚಿಯ ಮೇಲೆ ಹತ್ತಿ ನಿಂತು ಅವನನ್ನು ಬೈದು ಕೂಗತೊಡಗಿದಳು. ಕೆಳಗೆ ಆ ಹುಡುಗ ಟೋಪಿ ಸರಿಮಾಡಿಕೊಳ್ಳುತ್ತ, ತನ್ನ ಎಡಗೈಯನ್ನೇ ನೋಡುತ್ತ ಒಬ್ಬನೇ ನಿಂತಿದ್ದ.

ಬದರಿನಾಥ ಮಗಳ ತೋಳು ಹಿಡಿದು ಜಗ್ಗಿದರು.

“ಕೂತ್ಕೋ ಪುಟ್ಟಾ. ಪಾಪ, ಅವನಿಗೆ ಕೇಳ್ಸುತ್ತೆ.”