ಆಚೆದಡದ ಹೊಸ್ತಿಲು

ಪೆಯ್ರೋಲ್ ಊರಿನವರು ವಿಯೋರ್ ನದಿಗೆ ಸೇತುವೆ ಕಟ್ಟಿಕೊಳ್ಳಲಿಲ್ಲ. ಮನೆಗೊಂದು ಕಲ್ಲಿನಂತೆ ಹಿಂದಿನವರು ನೀರಿಗೆ ಅಡ್ಡಲಾಗಿ ಸಾಲಿಟ್ಟಿದ್ದರು. ಮದುವೆ ದಿಬ್ಬಣ, ಶವಪೆಟ್ಟಿಗೆ, ಚೆಸ್ಟ್‌ನಟ್ ಮೂಟೆ ಎಲ್ಲವೂ ಆ ಸಾಲಿನ ಮೇಲೆಯೇ ದಾಟಿದ್ದವು. ಸಂತ ಯೋಹಾನರ ಹಬ್ಬದ ಬೆಳಿಗ್ಗೆ ಊರಿನ ಹಿರಿಯ ಮೊದಲು ದಾಟಬೇಕು, ಕಾಲಿಟ್ಟ ಕಲ್ಲು ಯಾವ ಮನೆಯದೋ ಆ ಹೆಸರನ್ನು ಎರಡೂ ದಡಕ್ಕೆ ಕೇಳುವಂತೆ ಕೂಗಬೇಕು. ಕಲ್ಲು ಅಲುಗಿತೋ, ಹೆಸರಿಲ್ಲ. ಅದನ್ನು ಕಿತ್ತು, ಅಕ್ಕಪಕ್ಕದ ಕಲ್ಲು ಸರಿಸಿ ಸಂದು ಮುಚ್ಚುತ್ತಾರೆ. ಆಮೇಲೆ ಆ ಮನೆಯ ಹೆಸರು ನದಿಯ ಮೇಲೆ ಕೇಳಿಸುವುದೇ ಇಲ್ಲ.

ಆ ಚಳಿಗಾಲದ ನೆರೆ ಫ್ರೇಸ್ ಮನೆಯ ಕಲ್ಲನ್ನು ಹೊತ್ತೊಯ್ದಿತು. ಮನೆಯಲ್ಲಿ ಉಳಿದಿದ್ದವಳು ಆಲ್ಬಾನಿ ಒಬ್ಬಳೇ. ಮಕ್ಕಳಿರಲಿಲ್ಲ, ಗಂಡ ಉರ್ಬೆನ್ ಹಿಂದಿನ ಸುಗ್ಗಿಯಲ್ಲಿ ತೀರಿಕೊಂಡಿದ್ದ. ಅವಳು ಎದುರುದಡದ ಊರಿನಿಂದ ಮದುವೆಯಾಗಿ ಬಂದವಳು. ತಲೆ ಬೆಳ್ಳಗಾದರೂ ಊರಿನವರ ಬಾಯಲ್ಲಿ ‘ಆಚೆದಡದವಳು’ ಎಂದೇ ಉಳಿದಿದ್ದಳು.

“ಹೊಸ ಕಲ್ಲು ಇಡ್ತೀನಂತ ಸುಮ್ನೆ ಯಾಕೆ ಮೈ ನೋಯಿಸ್ಕೊಳ್ತೀಯ?” ಎಂದ ಊರಿನ ಹಿರಿಯ ಸಿಪ್ರಿಯೆನ್, ಬೇಲಿಗೆ ಮೊಣಕೈ ಊರಿ. “ಉರ್ಬೆನ್ ಜೊತೆಗೇ ಆ ಮನೆ ಮುಗೀತು. ಸಂದು ಮುಚ್ಚಿಬಿಡೋಣ.”

“ಮನೆ ಮುಗಿದಿದ್ರೆ ನಿಮ್ಮ ಕೋಳಿಗಳು ದಿನಾ ಯಾರ ತೋಟ ಕೆದರ್ತವೆ ಸಿಪ್ರಿಯೆನ್ ಮಾವ?”

ಮುದುಕ ಗಂಟಲು ಕೆರೆದುಕೊಂಡು ಹೊರಟುಹೋದ.

ಮಾತಿಗೆ ಮಾತು ಕೊಟ್ಟದ್ದಾಯಿತು, ಕಲ್ಲು ಎಲ್ಲಿಂದ ತರುವುದು? ಈಚೆದಡದ ಕಲ್ಲು ಪದರಪದರವಾಗಿ ಏಳುವಂಥದ್ದು. ದಪ್ಪನೆಯ ಗಟ್ಟಿ ಕಲ್ಲು ಬೇಕೆಂದರೆ ಆಚೆಗೇ ಹೋಗಬೇಕು. ಆಲ್ಬಾನಿ ಎರಡು ಹಸುಗಳಿಗೆ ನೊಗ ಹೂಡಿ, ನೀರು ತೆಳುವಾಗಿದ್ದ ಕಡೆ ದಾಟಿ, ತವರುಮನೆಗೆ ಹೋದಳು. ಮಾಡು ಕುಸಿದು ಗೋಡೆಯ ತುಂಬ ಐವಿ ಬಳ್ಳಿ ಹಬ್ಬಿತ್ತು. ಹೊಸ್ತಿಲ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಅದನ್ನು ಹಾರೆಯಿಂದ ಮೀಟಿ, ನೆಲದ ಮೇಲೆ ಜಾರಿಸಿ ಎಳೆಯುವ ಕವಲುಮರದ ಮೇಲೆ ಹೇರಿ ಹಸುಗಳಿಂದ ಎಳೆಸಿಕೊಂಡು ಬಂದಳು.

ಹಸುಗಳನ್ನು ಹಿಡಿದುಕೊಳ್ಳಲು ಬಂದ ನೆರೆಮನೆಯ ಮೆಲಾನಿ ಕಲ್ಲು ನೋಡಿ ನಕ್ಕುಬಿಟ್ಟಳು. “ಬೇರೆ ಸಿಗ್ಲಿಲ್ವೇನೇ? ನಡುವೆ ತಟ್ಟೆ ಥರ ಗುಂಡಿ ಬಿದ್ದಿದೆ. ನೀರು ನಿಂತ್ರೆ ಬಾತುಕೋಳಿ ಸ್ನಾನಕ್ಕಾಗತ್ತೆ!”

ಆಲ್ಬಾನಿ ಲಂಗ ಎತ್ತಿ ಕಟ್ಟಿ ನಡುನೀರಿಗೆ ಇಳಿದಿದ್ದಳು. ಕಲ್ಲು ಕೂರಬೇಕಾದ ಜಾಗವನ್ನು ಅಂಗಾಲಿನಿಂದ ತಡವಿದಳು. ಜಲ್ಲಿಯನ್ನೆಲ್ಲ ನೆರೆ ಬಳಿದುಕೊಂಡು ಹೋಗಿತ್ತು. ಅಡಿಯಲ್ಲಿ ಬರೀ ಬಂಡೆ, ಅದರ ನಡುವೆ ಬೋಳುತಲೆಯಂಥ ಉಬ್ಬು. ಅದರ ಮೇಲೆ ಎಂಥ ಚಪ್ಪಟೆ ಕಲ್ಲಿಟ್ಟರೂ ತೊಟ್ಟಿಲಂತೆ ತೂಗುವುದೇ. ಅವಳು ಬಗ್ಗಿ, ಉಬ್ಬನ್ನು ಅಂಗೈಯಿಂದ ಸವರಿದಳು. ಮತ್ತೊಮ್ಮೆ ಸವರಿದಳು. ಆಮೇಲೆ, ಗಂಡ ಹೋದ ಮೇಲೆ ಮೊದಲ ಸಲ, ಬಾಯಿತುಂಬ ನಕ್ಕಳು.

“ಮೆಲಾನಿ, ಹಸು ತಿರುಗಿಸೇ! ಕಲ್ಲನ್ನ ಬೋರಲು ಹಾಕೋಣ.”

ಹಬ್ಬದ ದಿನ ಊರೆಲ್ಲ ದಡದಲ್ಲಿ ಸೇರಿತ್ತು, ಆಚೆದಡದ ಊರಿನವರೂ ಎದುರಿಗೆ ಬಂದು ನಿಂತಿದ್ದರು. ಸಿಪ್ರಿಯೆನ್ ಮರದ ಜೋಡು ಮೆಟ್ಟಿ, ಕೋಲು ಹಿಡಿದು, ಒಂದೊಂದೇ ಹೆಸರು ಕೂಗುತ್ತ ನಡುನೀರಿಗೆ ಬಂದ. ಬೂದುಬಣ್ಣದ ಆ ಹೊಸ ಕಲ್ಲನ್ನು ಕೋಲಿನಿಂದ ಕುಟ್ಟಿದ. ಎರಡೂ ಕಾಲಿಟ್ಟು ನಿಂತು, ಸೊಂಟವನ್ನು ಎಡಕ್ಕೆ ಬಲಕ್ಕೆ ಆಡಿಸಿದ.

“ಅಜ್ಜ ಕುಣೀತಾವ್ನೆ, ವಾದ್ಯ ತರ್ರೋ!” ಎಂದು ದಡದಿಂದ ಯಾರೋ ಕೂಗಿದರು.

ಕಲ್ಲು ಬೇರು ಬಿಟ್ಟಂತೆ ನಿಂತಿತ್ತು. ಸಿಪ್ರಿಯೆನ್ ದಡದಲ್ಲಿದ್ದ ಆಲ್ಬಾನಿಯತ್ತ ತಿರುಗಿ ಹುಬ್ಬು ಗಂಟಿಕ್ಕಿದ. “ಅಡಿಗೇನಿಟ್ಟಿದೀಯ? ಸಿಮೆಂಟು ಹಾಕಂಗಿಲ್ಲ, ಗೊತ್ತಲ್ಲ?”

“ಸಿಮೆಂಟಲ್ಲ ಮಾವ, ನಮ್ಮ ತವರಿನ ಹೊಸ್ತಿಲು. ನಮ್ಮಮ್ಮ, ನಮ್ಮಜ್ಜಿ, ಅವರತ್ತೆ ಎಲ್ಲ ಮೆಟ್ಟಿ ಮೆಟ್ಟಿ ಸವೆದ ಗುಂಡಿ ಅದು. ಬೋರಲು ಹಾಕಿದೆ, ನಿಮ್ಮ ಬಂಡೆಯ ಬೋಳುತಲೆಗೆ ಟೋಪಿ ಥರ ಕೂತ್ಕೊಂಡ್ತು.” ಆಲ್ಬಾನಿ ಸೊಂಟದ ಮೇಲೆ ಕೈಯಿಟ್ಟಳು. “ಈಗ ಕೂಗಿ. ಊರು ಕಾಯ್ತಾ ಇದೆ.”

“ಫ್ರೇಸ್ ಮನೆ!”

ಆ ಹೆಸರು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು.

“ಇನ್ನೂ ಒಂದು ಮಾತು ಬಾಕಿ ಇದೆ ಮಾವ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಅಂದದ್ದನ್ನ ಒಂದ್ಸಲ ಗಟ್ಟಿಯಾಗಿ ಅನ್ನಿ. ನಂಗೆ ಬೇಜಾರಿಲ್ಲ.”

ಮುದುಕನ ಕಿವಿ ಕೆಂಪೇರಿತು. ಅವನು ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ಫ್ರೇಸ್ ಮನೆ! ಆಚೆದಡದವಳದ್ದು!”

ಎರಡೂ ದಡದಲ್ಲಿ ಚಪ್ಪಾಳೆ ಬಿತ್ತು. ಹಿರಿಯನ ಹಿಂದೆ ಜನ ಸಾಲಾಗಿ ದಾಟತೊಡಗಿದರು. ತನ್ನ ಕಲ್ಲಿಗೆ ಬಂದ ಆಲ್ಬಾನಿ ನಿಂತೇಬಿಟ್ಟಳು. ಹಿಂದಿನವರೂ ನಿಲ್ಲಬೇಕಾಯಿತು.

“ನಡಿಯೇ ಮಾರಾಯ್ತಿ, ಹಬ್ಬದ ರೊಟ್ಟಿ ಆರ್ತಾ ಇದೆ!” ಎಂದಳು ಮೆಲಾನಿ.

“ಆರಲಿ ಬಿಡೇ,” ಎಂದಳು ಆಲ್ಬಾನಿ. “ನಮ್ಮನೆ ಬಾಗಿಲಲ್ಲಿ ನಿಂತಿದೀನಿ.”