ಮೆಷಿನ್ನು ನಿಂತ ದಿನ

ಮೆಟ್ಟಿಲ ಕೆಳಗೆ, ಕಾಗದದ ಕಟ್ಟುಗಳ ಹಿಂದೆ, ಬಚ್ಚಲಲ್ಲಿ, ಎಲ್ಲ ಕಡೆ ಹುಡುಕಿಯಾಯಿತು. ಮಗು ಇರಲಿಲ್ಲ. "ಚುಕ್ಕೀ" ಎಂದು ಸೊಸೆ ಮಹಡಿಯಿಂದ ಕೂಗಿದಳು. ಅವಳ ಗಂಡ ಬೀದಿಯಲ್ಲಿ ನಿಂತು ಕೂಗಿದ. ಮುಂದಿನ ಕೋಣೆಯಲ್ಲಿ ಮಲಗಿಸಿದ್ದ ಅಪ್ಪನ ತಲೆಯ ಬಳಿಯಿಂದ ಗಂಡನ ಅಕ್ಕ ಎದ್ದು ಬಂದು ಕೂಗಿದಳು. ಸಾವಿನ ಮನೆಯಲ್ಲಿ ಇಷ್ಟು ಜೋರು ಸಲ್ಲದೆಂದು ಯಾರಿಗೂ ತೋಚಲಿಲ್ಲ. ಮೂರೂವರೆ ವರ್ಷದ ಮಗು, ಹಾರು ಹೊಡೆದ ಬಾಗಿಲು, ಆಚೆ ಬೀದಿ ತುಂಬ ಗಾಡಿಗಳು.

ಸಿಕ್ಕಿದ್ದು ಅಚ್ಚಿನ ಮೆಷಿನ್ನಿನ ಕೆಳಗೆ, ಕೂಗುತ್ತಿದ್ದವರಿಂದ ಹತ್ತೇ ಹೆಜ್ಜೆ ದೂರದಲ್ಲಿ. ಎಲ್ಲರಿಗೂ ಬೆನ್ನು ಹಾಕಿ ಕೂತು, ಮೆಷಿನ್ನಿನ ಕಬ್ಬಿಣದ ಕಾಲಿಗೆ ಅಂಗೈ ಒತ್ತಿಕೊಂಡು ಏನನ್ನೋ ಕಾಯುತ್ತಿದ್ದಳು. ಸೊಸೆ ಭುಜ ಮುಟ್ಟಿದಾಗಲೇ ಬೆಚ್ಚಿ ತಿರುಗಿದ್ದು.

"ಎಷ್ಟ್ ಮೊಂಡು ನೋಡು," ಎಂದಳು ಅತ್ತಿಗೆ. "ಅಷ್ಟು ಜನ ಗಂಟಲು ಹರ್ಕೋತಿದೀವಿ, ಓ ಅನ್ನೋಕೇನು? ಇದೆಲ್ಲ ಸಲಿಗೆ."

ಸೊಸೆ ಮಗುವಿನ ಮೊಣಕಾಲಿಗೆ ಮೆತ್ತಿದ್ದ ಶಾಯಿಯನ್ನು ಸೆರಗಿನಿಂದ ಒರೆಸುತ್ತ ಕೂತಳು.

ಕೆಳಗೆ ಪ್ರೆಸ್ಸು, ಅದಕ್ಕೆ ಹೊಂದಿಕೊಂಡ ಮುಂದಿನ ಕೋಣೆ, ಮೇಲೆ ಹಲಗೆ ಹಾಸಿದ ಎರಡು ಕೋಣೆ, ಇಷ್ಟೇ ಮನೆ. ಮಾವ ನಲವತ್ತು ವರ್ಷ ಆ ಮೆಷಿನ್ನನ್ನು ಓಡಿಸಿದ್ದರು. ಭಾನುವಾರಗಳಲ್ಲೂ ಅದು ನಿಂತದ್ದು ಕಡಿಮೆ. ಅದು ಓಡಿದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ಮಂಚ ನಡುಗುತ್ತಿತ್ತು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಬೆಂಚಿಗೆ ಒರಗಿದವರು ಏಳಲಿಲ್ಲ. ಅಂದಿನಿಂದ ಮನೆಗೆ ಮನೆಯೇ ಉಸಿರು ಬಿಗಿಹಿಡಿದಂತಿತ್ತು.

ಮುಂದಿನ ಕೋಣೆಯಲ್ಲಿ ಪಕ್ಕದ ಅಂಗಡಿಯವನು ತನ್ನ ಮದುವೆಯ ಕತೆ ತೆಗೆದಿದ್ದ. ಮಾವ ಅಚ್ಚು ಹಾಕಿದ ಕಾರ್ಡಿನಲ್ಲಿ ತಾರೀಖು ತಪ್ಪಿತ್ತಂತೆ. ಹೇಳಲು ಹೋದರೆ ಆ ಸದ್ದಿನಲ್ಲಿ, ಆ ಮಂದ ಕಿವಿಗೆ, ಕೇಳಿಸಿದರೆ ತಾನೇ? ಕಾರ್ಡು ಚೆನ್ನಾಗಿದೆ ಎಂದು ಹೊಗಳುತ್ತಿದ್ದಾನೆಂದು ತಿಳಿದು ಟೀ ಕುಡಿಸಿ ಕಳಿಸಿದರಂತೆ. "ಕೊನೆಗೆ ಮದುವೇನೇ ಒಂದು ದಿನ ಮುಂದಕ್ಕೆ ಹಾಕಿದ್ವಿ," ಎಂದ. ಅಳುತ್ತಿದ್ದವರೂ ನಕ್ಕರು. ಸೊಸೆಗೆ ನಗು ಬರಲಿಲ್ಲ. ಅವಳ ಕಣ್ಣು ಮಗುವಿನ ಅಂಗೈಯ ಮೇಲಿತ್ತು.

*

ಎರಡು ತಿಂಗಳ ಹಿಂದೆ ಚುಚ್ಚುಮದ್ದಿಗೆಂದು ಹೋದಾಗ ನರ್ಸು ಕೇಳಿದ್ದಳು, ಮಗುವಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆಯೇ ಎಂದು. ಸೊಸೆ ನಕ್ಕಿದ್ದಳು. ಮಹಡಿಯಲ್ಲಿ ಆಡುತ್ತಿದ್ದರೂ ಕೆಳಗೆ ಮೆಷಿನ್ನು ಶುರುವಾದ ಕೂಡಲೇ ದಡದಡ ಇಳಿದು ಓಡುತ್ತಾಳೆ, ಕೇಳಿಸದೆ ಏನು ಎಂದಿದ್ದಳು. ನರ್ಸು ಚೀಟಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದಳು.

ಮೂರು ದಾಟಿದರೂ ಚುಕ್ಕಿ ಒಂದು ಮಾತೂ ಆಡಿರಲಿಲ್ಲ. ಕಿವಿ ಸರಿಯಿದೆ ಎಂದ ಮೇಲೆ ತಪ್ಪು ಇನ್ನೆಲ್ಲಾದರೂ ಇರಬೇಕಲ್ಲ. ಅತ್ತಿಗೆಗೆ ಅದು ಸೊಸೆಯ ಮುಗುಮ್ಮಾದ ಸ್ವಭಾವದಲ್ಲಿ ಕಂಡಿತು. ಸೊಸೆಗೆ ಕಂಡದ್ದು ಮಾವನ ಕೈಗಳಲ್ಲಿ. ಮೆಷಿನ್ನಿನ ಸದ್ದಿನಲ್ಲಿ ಬಾಯಿ ಆಡಿಸಿ ಫಲವಿಲ್ಲವೆಂದು ಅವರು ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದರು. ಮುಷ್ಟಿ ತಿರುಗಿಸಿದರೆ ಮೆಷಿನ್ನು ಶುರು. ಮೂಗಿನ ಕೆಳಗೆ ಎರಡು ಬೆರಳು ಎಳೆದರೆ ಮೀಸೆ, ಅಂದರೆ ತಾತ. ಅಂಗೈಗೆ ಅಂಗೈ ಎರಡು ಸಲ ಉಜ್ಜಿ ಉಫ್ ಎಂದು ಊದಿದರೆ ಕೆಲಸ ಮುಗಿಯಿತು. ಆಗ ಚುಕ್ಕಿ ಎಣ್ಣೆಬಟ್ಟೆ ತೆಗೆದು ಚಕ್ರ ಒರೆಸಿ ಮೊಳೆಗೆ ತೂಗುಹಾಕಬೇಕು. ಅವಳಿಗೆ ಎಟುಕುವಷ್ಟು ತಗ್ಗಿನಲ್ಲಿ ಒಂದು ಮೊಳೆ ಹೊಡೆದುಕೊಟ್ಟಿದ್ದರು.

ಒಂಬತ್ತು ದಿನದ ಹಿಂದೆ ಮಾವ ಮೆಟ್ಟಿಲು ಹತ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೇಲೆ ಬರುತ್ತಿದ್ದುದೇ ಅಪರೂಪ.

"ಅಮ್ಮಾ, ಚುಕ್ಕಿ ವಿಚಾರ ಒಂದು ಮಾತು ಹೇಳಬೇಕಿತ್ತು," ಎಂದರು.

ಅಂದು ಬೆಳಿಗ್ಗೆಯಷ್ಟೇ ನೀರಿನ ಸಾಲಿನಲ್ಲಿ ಯಾರೋ ಮಗುವನ್ನು ಮೂಗಿ ಎಂದಿದ್ದರು. ಸೊಸೆ ಒಲೆಯಿಂದ ತಿರುಗಲಿಲ್ಲ.

"ಮೊದಲು ನೀವು ಆ ಕೈಸನ್ನೆ ಮಾಡೋದು ನಿಲ್ಸಿ ಮಾವ. ಎಲ್ಲ ಕೈಯಲ್ಲೇ ಆಗೋದಾದ್ರೆ ಅದು ಬಾಯಿ ಯಾಕೆ ಬಿಡುತ್ತೆ? ನಿಮ್ಮಿಂದಲೇ ಹೀಗಾಗಿರೋದು."

ಅವಳ ಬೆನ್ನು ಅವರ ಕಡೆಗಿತ್ತು, ಆದರೆ ಅಷ್ಟು ಜೋರಾಗಿ ಆಡಿದ್ದು ಅವರ ಮಂದ ಕಿವಿಗೂ ಮುಟ್ಟಿತು. ಹಾಗೇ ಇಳಿದು ಹೋದರು. ಆಮೇಲಿನ ದಿನಗಳಲ್ಲಿ ಚುಕ್ಕಿ ಹತ್ತಿರ ಬಂದರೆ ಎರಡೂ ಕೈಯನ್ನು ಏಪ್ರನ್ನಿನ ಜೇಬಿನೊಳಗೆ ತುರುಕಿಕೊಳ್ಳುತ್ತಿದ್ದರು. ಮಗು ಆ ಜೇಬನ್ನು ಹಿಡಿದು ಜಗ್ಗುತ್ತಿತ್ತು.

*

"ಇನ್ನೊಂದು ಗಂಟೆಗೆ ಗಾಡಿ ಬರುತ್ತೆ," ಎಂದು ಗಂಡ ಬಂದು ಹೇಳಿದ.

ಅತ್ತಿಗೆ ಚುಕ್ಕಿಯನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಖದ ಬಳಿ ನಿಂತಳು. "ತಾತ ಅನ್ನು ಕಂದಾ. ಒಂದೇ ಒಂದು ಸಲ. ತಾತ."

ಇಪ್ಪತ್ತು ಜನರ ಕಣ್ಣು ಆ ಪುಟ್ಟ ಬಾಯಿಯ ಮೇಲೆ ನಿಂತಿತು. ಚುಕ್ಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಎರಡು ಬೆರಳನ್ನು ಮೂಗಿನ ಕೆಳಗೆ ತಂದಳು.

ಸೊಸೆಯ ಕೈ ತಾನಾಗಿಯೇ ಮುಂದೆ ಹೋಗಿ ಆ ಬೆರಳುಗಳನ್ನು ಹಿಡಿದು ಕೆಳಗಿಳಿಸಿತು. ಒಂಬತ್ತು ದಿನದ ಅಭ್ಯಾಸ.

"ಅಪ್ಪ ಹೋಗ್ತಿದ್ರೂ ಬಾಯಿ ಬರಲಿಲ್ಲ," ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. "ತಾಯಿ ಮಾತಾಡಿಸಿದ್ರೆ ತಾನೇ ಮಗು ಮಾತಾಡೋದು."

ಅದೇ ಹೊತ್ತಿಗೆ ಯಾರೋ ಜಾಗ ಮಾಡಲು ಹೋಗಿ, ಗೋಡೆಗೆ ಒರಗಿಸಿದ್ದ ತಗಡಿನ ಟ್ರೇಗಳ ಸಾಲನ್ನು ಬೀಳಿಸಿದರು. ಢಣಾರ್ ಎಂದ ಸದ್ದಿಗೆ ಕೋಣೆಗೆ ಕೋಣೆಯೇ ಹಾರಿಬಿತ್ತು. ಅತ್ತಿಗೆ ಎದೆ ಹಿಡಿದುಕೊಂಡಳು. ತೊಟ್ಟಿಲ ಕೂಸೊಂದು ಕಿಟಾರನೆ ಕಿರುಚಿತು. ಟ್ರೇಗಳಿಗೆ ಬೆನ್ನು ಮಾಡಿ ಅತ್ತಿಗೆಯ ಕಂಕುಳಲ್ಲಿದ್ದ ಚುಕ್ಕಿಯ ರೆಪ್ಪೆಯೂ ಅಲುಗಲಿಲ್ಲ. ಅವಳು ತಾತನ ಮೀಸೆಯನ್ನೇ ನೋಡುತ್ತಿದ್ದಳು.

ಸೊಸೆ ಮಗುವನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು ಮಹಡಿಗೆ ಹೋದಳು. ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಅಲುಗಾಡದೆ ಹಿಂದೆ ನಿಂತು, ಚುಕ್ಕಿ ಎಂದಳು. ಜೋರಾಗಿ ಇನ್ನೊಮ್ಮೆ ಎಂದಳು. ಕುತ್ತಿಗೆಯ ಹಿಂದೆಯೇ ಚಪ್ಪಾಳೆ ತಟ್ಟಿದಳು. ಮಗು ಕಿಟಕಿಯ ಸರಳು ಎಣಿಸುವಂತೆ ಬೆರಳಾಡಿಸುತ್ತಲೇ ಇತ್ತು.

ಆಗ ಹಲಗೆಯ ಮೇಲೆ ಹಿಮ್ಮಡಿ ಎತ್ತಿ ಕುಟ್ಟಿದಳು.

ಚುಕ್ಕಿ ತಟ್ಟನೆ ತಿರುಗಿದಳು. ಮುಖ ಅರಳಿತು. ಮುಷ್ಟಿ ತಿರುಗಿಸುತ್ತ, ಮೆಷಿನ್ನು ಶುರುವಾಯಿತೆಂದು ಮೆಟ್ಟಿಲ ಕಡೆ ಓಡಿದಳು.

*

ಮೆಟ್ಟಿಲ ಬುಡದಲ್ಲಿ ಪ್ರೆಸ್ಸಿನ ಹಳೆಯ ಕೆಲಸಗಾರ ನಿಂತಿದ್ದರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಲೇ ಮುದುಕರಾದವರು, ಮನೆಯವರಿಗೆಲ್ಲ ಅಕ್ಷರದಜ್ಜ. ಓಡಿ ಬಂದ ಮಗುವನ್ನು ಹಿಡಿದು ನಿಲ್ಲಿಸಿಕೊಂಡು, ಸೊಸೆಯ ಮುಖ ನೋಡಿದರು.

"ಗೊತ್ತಾಯ್ತಾ ತಾಯಿ?" ಎಂದರು.

ಅವಳು ತಲೆಯಾಡಿಸಿ ಕೊನೆಯ ಮೆಟ್ಟಿಲ ಮೇಲೆ ಕೂತಳು.

"ನಿನ್ನ ಮಾವನಿಗೆ ಮೊದಲೇ ಅನುಮಾನ. 'ನನಗೂ ಅರ್ಧ ಕಿವಿಯಿಲ್ಲ ಕಣೋ, ಮೆಷಿನ್ನು ಕೆಟ್ರೆ ನಂಗೆ ಮೊದಲು ತಿಳಿಯೋದು ಪಾದಕ್ಕೆ, ಇವಳೂ ಹಾಗೇ' ಅಂತಿದ್ದ. ಒಂದಿನ ಮೆಷಿನ್ ನಿಲ್ಲಿಸಿ ಹಿಂದಿನಿಂದ ನನ್ನ ಕೈಲಿ ಕೂಗಿಸಿದ. ತಿರುಗಲಿಲ್ಲ. ಆಸ್ಪತ್ರೆಗೆ ಹೋಗಿ ವಿಚಾರಿಸ್ಕೊಂಡು ಬಂದ. ಮಾತು ತಡ ಆಗೋಕೆ ಬೇಕಾದಷ್ಟು ಕಾರಣ ಇರುತ್ತಂತೆ, ಆದ್ರೆ ಮೊದಲು ಕಿವಿ ನೋಡ್ಬೇಕಂತೆ. ಬೇಗ ನೋಡಿದಷ್ಟೂ ಒಳ್ಳೇದಂತೆ. ಕೈಯಲ್ಲಿ ಹೇಳೋದ್ರಿಂದ ಮಾತೇನೂ ಓಡಿಹೋಗಲ್ಲ, ಬಿಡಬೇಡಿ ಅಂದ್ರಂತೆ."

"ಅದನ್ನೇ ಹೇಳೋಕೆ ಬಂದಿದ್ರು," ಎಂದಳು ಸೊಸೆ.

ಅಜ್ಜ ಗೋಡೆಗೆ ತೂಗಿದ್ದ ಏಪ್ರನ್ನಿನ ಜೇಬಿಗೆ ಕೈ ಹಾಕಿ ಮಡಿಸಿದ ಚೀಟಿ ತೆಗೆದು ಅವಳಿಗೆ ಕೊಟ್ಟರು. ಯಾರದೋ ಮದುವೆ ಕಾರ್ಡಿನ ಹಾಳು ಪ್ರತಿ. ಅದರ ಹಿಂದೆ ಮಾವನ ದಪ್ಪ ಅಕ್ಷರದಲ್ಲಿ ಕಿವಿ ವಿಭಾಗ, ಎರಡನೇ ಮಹಡಿ ಎಂದಿತ್ತು. ಕೆಳಗೆ ತಾರೀಖು. ನಾಳೆ ಬೆಳಿಗ್ಗೆ ಹತ್ತಕ್ಕೆ.

"ನಿನ್ನ ಸಿಟ್ಟು ಇಳೀಲಿ ಅಂತ ಕಾಯ್ತಿದ್ದ," ಎಂದರು ಅಜ್ಜ.

ಅತ್ತಿಗೆ ಬಂದು ಚೀಟಿಯನ್ನು ನೋಡಿದಳು. ನಾಳೆಯೇ ಮನೆ ಬಿಟ್ಟು ಹೊರಟರೆ ಬಂದವರು ಏನಂದುಕೊಂಡಾರು, ಇಷ್ಟು ದಿನ ತಡೆದದ್ದು ಇನ್ನೊಂದು ತಿಂಗಳು ತಡೆಯಲಾರದೇ ಎಂದಳು. ತಮ್ಮನೂ ನಾಲ್ಕು ತುಂಬಿದ ಮೇಲೆಯೇ ಬಾಯಿಬಿಟ್ಟದ್ದು, ಈಗ ಕೇಳಬೇಕೆ ಅವನ ವಟವಟ ಎಂದಳು. ಗಂಡ ಇಬ್ಬರ ನಡುವೆ ನಿಂತು ಚಪ್ಪಲಿಯ ತುದಿ ನೋಡುತ್ತಿದ್ದ.

"ಇವರನ್ನ ಕೂಗಿದ್ರೆ ತಿರುಗ್ತಿದ್ರಾ ಅತ್ತಿಗೆ?" ಎಂದಳು ಸೊಸೆ.

ಅತ್ತಿಗೆ ಬಾಯಿ ತೆರೆದವಳು ಮಗುವಿನ ಬೆನ್ನನ್ನೇ ನೋಡಿದಳು. ಮೆಲ್ಲಗೆ, ಯಾರಿಗೂ ತಿಳಿಯಬಾರದೆಂಬಂತೆ, ಚುಕ್ಕಿ ಎಂದು ಕರೆದಳು. ಮತ್ತೊಮ್ಮೆ ಕರೆದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನಡೆದಳು.

ಗಂಡ ಚೀಟಿಯನ್ನು ಹೆಂಡತಿಯ ಕೈಯಿಂದ ತೆಗೆದು, ಮಡಿಕೆ ಸರಿಮಾಡಿ, ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿದ.

*

ಗಾಡಿ ಬಂತು. ನಾಲ್ಕು ಜನ ಮಾವನನ್ನು ಎತ್ತಿದರು. ಬಾಗಿಲು ಕಿರಿದು, ಮೆಷಿನ್ನಿಗೆ ತಾಗದಂತೆ ಓರೆಯಾಗಿ ಹೊರಳಿಸಬೇಕಾಯಿತು. ಆ ಗಡಿಬಿಡಿಯ ನಡುವೆ ಚುಕ್ಕಿ ಅಮ್ಮನ ಸೀರೆ ಜಗ್ಗಿದಳು. ಮೂಗಿನ ಕೆಳಗೆ ಎರಡು ಬೆರಳು ಎಳೆದಳು. ಮುಷ್ಟಿ ತಿರುಗಿಸಿದಳು. ಕೇಳುವಂತೆ ಹುಬ್ಬು ಎತ್ತಿದಳು.

ಸೊಸೆ ಮಗುವಿನ ಮುಖದ ಮಟ್ಟಕ್ಕೆ ಮಂಡಿಯೂರಿದಳು. ಎತ್ತಿದವರು, ಅಳುವವರು, ಎಲ್ಲರೂ ನೋಡುತ್ತಿದ್ದರು. ಅವಳು ಅಂಗೈಗೆ ಅಂಗೈ ಇಟ್ಟು ಒಂದು ಸಲ ಉಜ್ಜಿದಳು. ಇನ್ನೊಂದು ಸಲ ಉಜ್ಜಿದಳು. ಉಫ್ ಎಂದು ಊದಿದಳು.

ಚುಕ್ಕಿ ಅವಳ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಜನರ ಕಾಲುಗಳ ನಡುವೆ ನುಸುಳಿ ಮೆಷಿನ್ನಿನ ಬಳಿ ಹೋಗಿ, ನಿನ್ನೆಯಿಂದ ಚಕ್ರದ ಮೇಲೇ ಬಿದ್ದಿದ್ದ ಎಣ್ಣೆಬಟ್ಟೆ ತೆಗೆದು, ಅಂಚಿನಿಂದ ಅಂಚಿಗೆ ಒರೆಸಿದಳು. ಕೊನೆಗೆ ತುದಿಗಾಲಲ್ಲಿ ನಿಂತು ಅದನ್ನು ತನ್ನ ಮೊಳೆಗೆ ತೂಗುಹಾಕಿದಳು.