ಸತ್ತವಳ ಬ್ಯಾಡ್ಜು

ನಾನು ಒಂದು ಬ್ಯಾಡ್ಜು. ಎರಡು ಹಿತ್ತಾಳೆ ರೆಕ್ಕೆ, ನಡುವೆ ಒಂದು ಹೆಸರು, ಬೆನ್ನಿಗೊಂದು ಪಿನ್ನು, ಇಷ್ಟೇ ನನ್ನ ದೇಹ. ಪೀಣ್ಯದ ಶೆಡ್ಡೊಂದರಲ್ಲಿ ಅಚ್ಚಿಗೆ ಬಿದ್ದು ಹುಟ್ಟಿದೆ. ನೀಲಾಂಬರ ಏರ್‌ವೇಸ್ ಕಂಪನಿಯವರು ನನ್ನ ಮೇಲೆ 'ಲೀಡಿಯಾ ಮಸ್ಕರೇನ್ಹಸ್' ಎಂದು ಕೆತ್ತಿಸಿ, ಮಂಗಳೂರು ಕಡೆಯ ಆ ಗಗನಸಖಿಯ ಕೈಗೆ ಕೊಟ್ಟರು. ಪ್ರತಿ ಸಲ ವಿಮಾನ ಹತ್ತುವ ಮೊದಲು ಅವಳು ನನ್ನನ್ನು ಕರವಸ್ತ್ರದಿಂದ ಉಜ್ಜಿ, ಎದೆಗೆ ಚುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಕಂಪನಿ ಮಕಾಡೆ ಮಲಗಿತು. ಸಮವಸ್ತ್ರ, ಬ್ಯಾಡ್ಜು ಎಲ್ಲ ವಾಪಸ್ ಕೊಡಿ ಎಂದರು.

"ಇದೊಂದನ್ನು ಇಟ್ಟುಕೊಳ್ಳಲಾ ಸಾರ್?" ಎಂದು ಲೀಡಿಯಾ ಬೇಡಿಕೊಂಡಳು.

"ಕಂಪನಿ ಆಸ್ತಿ ಕಣಮ್ಮಾ," ಎಂದ ಮ್ಯಾನೇಜರು.

ಸಂಬಳ ಕೊಡಲು ಗತಿಯಿಲ್ಲದವನ ಗತ್ತು ನೋಡಿ! ಆಮೇಲೆ ಆ ಆಸ್ತಿಯನ್ನೆಲ್ಲ ಗೋಣಿಚೀಲಕ್ಕೆ ಸುರಿದು ಗುಜರಿಗೆ ಹಾಕಿದರು.

ಅಲ್ಲಿಂದ ನನ್ನನ್ನು ಆರಿಸಿಕೊಂಡು ಹೋದವರು ವಿಮಾನ ಕಂಪನಿಗಳ ಹಳೇ ಸಾಮಾನು ಕೂಡಿಡುವ ಸಂಗ್ರಾಹಕ ವಾದಿರಾಜರಾಯರು. ಈ ಸಂಗ್ರಾಹಕರ ಪರಿಚಯ ನಿಮಗಿಲ್ಲದಿದ್ದರೆ ನೀವೇ ಪುಣ್ಯವಂತರು. ಹಾರಾಡುತ್ತಿರುವ ಕಂಪನಿಯ ಚಮಚ ಇವರಿಗೆ ಬೇಡ. ಕಂಪನಿ ಮುಳುಗಿರಬೇಕು, ಆಗ ಎಂಜಲು ಚಮಚವೂ ಅಪರೂಪವೇ. ಅದರಲ್ಲೂ ರೆಕ್ಕೆಯ ಬ್ಯಾಡ್ಜು ಅಂದರೆ ಜೊಲ್ಲು ಸುರಿಸುತ್ತಾರೆ. ಅಂಗೈಯಲ್ಲಿ ಹಿಡಿಯುತ್ತದೆ, ಮೇಲೆ ಒಬ್ಬರ ಹೆಸರಿರುತ್ತದೆ. ಆ ಹೆಸರಿನವರು ಸತ್ತಿದ್ದರಂತೂ ಕೇಳುವುದೇ ಬೇಡ, ಮುಗಿಬೀಳುತ್ತಾರೆ.

ಅದಕ್ಕೇ ರಾಯರು ಯಾರನ್ನೂ ವಿಚಾರಿಸದೆ ಲೀಡಿಯಾಳನ್ನು ವಿಮಾನ ಅಪಘಾತದಲ್ಲಿ ಕೊಂದುಬಿಟ್ಟರು, ಬರೀ ಬಾಯಲ್ಲೇ. "ಕೊನೇ ಉಸಿರಿನವರೆಗೂ ಪ್ರಯಾಣಿಕರ ಕೈ ಹಿಡಿದಿದ್ದಳು, ಪಾಪ," ಎಂದು ಗೆಳೆಯರೆದುರು ಕಣ್ಣೊರೆಸಿಕೊಳ್ಳುವರು. ಪ್ರದರ್ಶನಕ್ಕಿಟ್ಟಾಗ ನನ್ನ ಮುಂದೊಂದು ದೀಪ ಬೇರೆ. ಥೂ! ನನಗೆ ಬಾಯಿದ್ದಿದ್ದರೆ ಅಲ್ಲೇ ಉಗಿದುಬಿಡುತ್ತಿದ್ದೆ.

ಹೋದ ವರ್ಷ ಮಲ್ಲೇಶ್ವರದ ಪ್ರದರ್ಶನಕ್ಕೆ ನರೆಗೂದಲಿನ ಹೆಂಗಸೊಬ್ಬಳು ಬಂದಳು. ಗಾಜಿಗೆ ಮೂಗು ತಾಗಿಸಿ ನನ್ನನ್ನೇ ನೋಡಿದಳು. ನನಗೆ ಕೂಡಲೇ ಗುರುತು ಸಿಕ್ಕಿತು.

"ಇದು ನನ್ನದು. ನಾನೇ ಲೀಡಿಯಾ," ಎಂದಳು. "ಎಷ್ಟು ವರ್ಷದಿಂದ ಹುಡುಕ್ತಾ ಇದ್ದೇನೆ ಮಾರಾಯ್ರೆ! ನನಗೆ ಕೊಡ್ತೀರಾ?"

ರಾಯರ ಮುಖ ಹುಳ್ಳಗಾಯಿತು. "ಸ್ವಲ್ಪ ಮೆಲ್ಲಗೆ ಮಾತಾಡಿ ಮೇಡಂ, ಜನ ಇದ್ದಾರೆ. ಬೇಕಾದರೆ ಆಕೆಯ ತಂಗಿ ಅಂತ ಎಲ್ಲರಿಗೂ ಪರಿಚಯ ಮಾಡಿಸ್ತೀನಿ. ಫೋಟೋನೂ ತೆಗೆಸ್ತೀನಿ."

"ತಂಗಿ ಎಂಥದ್ದು? ನಾನು ಬದುಕಿದ್ದೇನಲ್ಲ!"

ಗಟ್ಟಿಯಾಗಿಯೇ ಹೇಳಿದಳು. ಎಲ್ಲರೂ ತಿರುಗಿದರು. ಬೆಳಗಿನಿಂದ ನನಗಾಗಿ ರಾಯರಿಗೆ ದುಂಬಾಲು ಬಿದ್ದಿದ್ದ ಒಬ್ಬ ಲೊಚಗುಟ್ಟಿದ. "ಅಯ್ಯೋ, ಹಾಗಾದರೆ ಇದು ಮಾಮೂಲಿ ಪೀಸು," ಎಂದು ಮುಂದಿನ ಪೆಟ್ಟಿಗೆಯತ್ತ ನಡೆದ. ಉಳಿದವರೂ ಅವನ ಹಿಂದೆಯೇ ಹೋದರು. ಒಬ್ಬನಾದರೂ ಹೇಗಿದ್ದೀರಮ್ಮಾ ಎನ್ನಬೇಕಲ್ಲ!

ರಾಯರು ದೀಪ ಆರಿಸಿ, ಗಾಜು ಸರಿಸಿ, ನನ್ನನ್ನು ಅವಳ ಕೈಗೆ ತುರುಕಿದರು. "ತಗೊಂಡು ಹೋಗಿ. ಇನ್ನು ಇದನ್ನ ಯಾರು ನೋಡ್ತಾರೆ?"

ಅವಳು ಅಲ್ಲೇ ನಿಂತು ನನ್ನನ್ನು ಸೀರೆಗೆ ಚುಚ್ಚಿಕೊಂಡಳು.

ಈಗ ನಾನು ಮುದಿಯಾಗಿದ್ದೇನೆ, ಪಿನ್ನು ಸಡಿಲವಾಗಿದೆ. ವಾರವೆಲ್ಲ ಅವಳ ಕಪಾಟಿನಲ್ಲಿ ಮಲಗಿರುತ್ತೇನೆ, ಭಾನುವಾರ ಅವಳ ಜೊತೆ ಇಗರ್ಜಿಗೆ ಹೋಗುತ್ತೇನೆ. ಸಂಗ್ರಾಹಕರ ಲೆಕ್ಕದಲ್ಲಿ ನನಗೀಗ ಕವಡೆ ಕಾಸಿನ ಕಿಮ್ಮತ್ತಿಲ್ಲ. ಅವಳು ಇನ್ನೂ ಬಹುಕಾಲ ಬಾಳಲಿ, ನನ್ನನ್ನು ಹೀಗೇ ಬೆಲೆಯಿಲ್ಲದ ಹಾಗೆ ಇಟ್ಟಿರಲಿ.